ಜಾಕ್ಸನ್ ಸ್ಕ್ವೇರ್: ಅಪ್ಪ, ಮಗಳು ಕಟ್ಟಿಸಿದ ಚೌಕ

ಅಮೆರಿಕದ ನ್ಯೂ ಆರ್ಲಿಯನ್ಸ್‌ನ ಜಾಕ್ಸನ್ ಸ್ಕ್ವೇರ್‌ಗೆ ಹೋದವರೆಲ್ಲ ಮೊದಲು ಫೋಟೋ ತೆಗೆಯುವುದು ನಡುವಿನ ಕುದುರೆ ಪ್ರತಿಮೆಯದ್ದು. ಇತಿಹಾಸ ಓದಲು ಹೋದವರು ಅದನ್ನು ಕೊನೆಗೆ ನೋಡಿದರೆ ಒಳ್ಳೆಯದು. ಈ ಚೌಕ ಇವತ್ತು ಹೀಗೆ ಕಾಣುವುದಕ್ಕೆ ಸೇನಾಪತಿಗಿಂತ ಒಬ್ಬ ಅಪ್ಪ, ಮಗಳೇ ಜಾಸ್ತಿ ಕಾರಣ.

ಫ್ರೆಂಚರು 1718ರಲ್ಲಿ ಊರು ಕಟ್ಟಿದರು. ಮಿಸಿಸಿಪ್ಪಿ ನದಿಗೆ ಮುಖ ಮಾಡಿದ ಈ ಬಯಲು ಸೈನಿಕರ ಕವಾಯತಿಗೆ ಇತ್ತು. ಆಮೇಲೆ ಊರು ಸ್ಪೇನ್ ಕೈಗೆ ಹೋಯಿತು. 1788ರ ಬೆಂಕಿಯಲ್ಲಿ ಚರ್ಚ್ ಸೇರಿ ಊರಿನ ಬಹುಪಾಲು ಸುಟ್ಟುಹೋಯಿತು. ಮತ್ತೆ ಕಟ್ಟಲು ಹಣ ಹಾಕಿದವನೇ ನಮ್ಮ ಕಥೆಯ ಅಪ್ಪ, ಆಂಡ್ರೆಸ್ ಅಲ್ಮೊನೆಸ್ಟರ್. ನೋಟರಿಯಾಗಿ ಸ್ಪೇನ್‌ನಿಂದ ಬಂದು, ಜಾಗ, ಬಾಡಿಗೆಯಲ್ಲಿ ಶ್ರೀಮಂತನಾದವನು. ಆ ಸಿರಿವಂತಿಕೆಯ ಹಿಂದೆ ಗುಲಾಮರ ದುಡಿಮೆಯೂ ಇತ್ತು, ಅದನ್ನು ಬಿಟ್ಟು ಓದಬಾರದು. ಸೇಂಟ್ ಲೂಯಿಸ್ ಕೆಥೆಡ್ರಲ್ 1794ರಲ್ಲಿ ಮುಗಿಯಿತು (ಈಗ ಕಾಣುವ ರೂಪ ಬಹುಪಾಲು 1850ರದ್ದು). ಪಕ್ಕದ ಕಬಿಲ್ಡೊ ಸ್ಪೇನ್ ಆಡಳಿತದ ಸಭಾಭವನ.

ಪರೀಕ್ಷೆಗೆ ಓದುವವರು ಕಬಿಲ್ಡೊ ಮುಂದೆ ಸ್ವಲ್ಪ ಹೊತ್ತು ನಿಲ್ಲಿ. 1803ರ ನವೆಂಬರ್ 30ರಂದು ಸ್ಪೇನ್ ಇಲ್ಲೇ, ಈ ಊರು ಸೇರಿದ ಲೂಯಿಸಿಯಾನಾ ಪ್ರಾಂತ್ಯವನ್ನು ಫ್ರಾನ್ಸ್‌ಗೆ ಒಪ್ಪಿಸಿತು. ಡಿಸೆಂಬರ್ 20ಕ್ಕೆ ಫ್ರಾನ್ಸ್ ಅದನ್ನು ಅಮೆರಿಕಕ್ಕೆ ಕೊಟ್ಟಿತು. ಮೂರು ವಾರದೊಳಗೆ ಮೂರು ದೇಶ!

ಇನ್ನು ಮಗಳು, ಮಿಕೇಲಾ. ಪೊಂಟಾಲ್ಬಾ ಮನೆತನಕ್ಕೆ ಮದುವೆಯಾಗಿ ಫ್ರಾನ್ಸ್‌ಗೆ ಹೋದಳು. ಆಸ್ತಿ ಜಗಳ ಬೆಳೆದು 1834ರಲ್ಲಿ ಮಾವ ಅವಳಿಗೆ ಗುಂಡು ಹಾರಿಸಿ, ತಾನೂ ಗುಂಡಿಕ್ಕಿಕೊಂಡು ಸತ್ತ. ಇವಳು ಬದುಕಿದಳು. ಊರಿಗೆ ಮರಳಿ, 1849ರಿಂದ 1851ರೊಳಗೆ ಚೌಕದ ಎರಡೂ ಬದಿಗೆ ಕೆಂಪು ಇಟ್ಟಿಗೆಯ ಉದ್ದನೆ ಕಟ್ಟಡ ಎಬ್ಬಿಸಿದಳು. ಕೆಳಗೆ ಅಂಗಡಿ, ಮೇಲೆ ಮನೆ. ಬಾಲ್ಕನಿಯ ಎರಕದ ಕಬ್ಬಿಣದ ಕಟಾಂಜನ ಗಮನಿಸಿ: 'ಎ', 'ಪಿ' ಅಕ್ಷರಗಳು ಹೆಣೆದುಕೊಂಡಿವೆ. ಅಲ್ಮೊನೆಸ್ಟರ್, ಪೊಂಟಾಲ್ಬಾ. ಗಂಡನ ಮನೆ ಹೆಸರಿಗಿಂತ ಮುಂದೆ ಅಪ್ಪನ ಹೆಸರು!

ಕಾಲು ನೋಯುತ್ತಿದ್ದರೆ ಎದುರಿಗೇ ಕಫೆ ಡು ಮಾಂಡ್ ಇದೆ, 1862ರಿಂದ. ಅಲ್ಲಿಯದ್ದೂ ಚಿಕೋರಿ ಬೆರೆಸಿದ ಕಾಫಿ. ನಮ್ಮವರಿಗೆ ಆ ರುಚಿ ಹೊಸದೇನಲ್ಲ, ಅಲ್ವಾ?

ಈಗ ಪ್ರತಿಮೆ. 1815ರ ಜನವರಿಯಲ್ಲಿ ಬ್ರಿಟಿಷರನ್ನು ಈ ಊರಿನ ಹತ್ತಿರ ಸೋಲಿಸಿದ ಆಂಡ್ರೂ ಜಾಕ್ಸನ್‌ನದು. ಶಿಲ್ಪಿ ಕ್ಲಾರ್ಕ್ ಮಿಲ್ಸ್, ನಿಲ್ಲಿಸಿದ್ದು 1856ರಲ್ಲಿ. ಇದೇ ಜಾಕ್ಸನ್ ಮುಂದೆ ಅಧ್ಯಕ್ಷನಾಗಿ 1830ರಲ್ಲಿ ಮೂಲನಿವಾಸಿಗಳನ್ನು ಎಬ್ಬಿಸಿ ಕಳಿಸುವ ಕಾನೂನಿಗೆ ಸಹಿ ಹಾಕಿದವನು. ಪೀಠದ ಮೇಲೆ ಒಕ್ಕೂಟ (ಅಮೆರಿಕದ ರಾಜ್ಯಗಳ ಒಗ್ಗಟ್ಟು) ಉಳಿಯಲೇಬೇಕು ಎಂಬ ಅರ್ಥದ ಸಾಲಿದೆ. ಅದು ಮೊದಲಿನಿಂದ ಇದ್ದದ್ದಲ್ಲ. ಅಮೆರಿಕದ ಅಂತರ್ಯುದ್ಧದಲ್ಲಿ ಊರನ್ನು ಹಿಡಿದುಕೊಂಡ ಉತ್ತರದ ರಾಜ್ಯಗಳ ಸೇನೆ ಕೆತ್ತಿಸಿದ್ದು. ನೋಟ್ಸ್‌ನಲ್ಲಿ ಪ್ರತಿಮೆಯನ್ನೂ ಬರಹವನ್ನೂ ಒಂದೇ ವರ್ಷದಡಿ ಸೇರಿಸಬೇಡಿ.