ಕಾಲು ತೊಳೆದ ಮೇಲೆ ಲೆಕ್ಕದ ಪುಸ್ತಕ

ಈಸ್ಟರ್‌ಗೆ ಮುಂಚಿನ ಪವಿತ್ರ ಗುರುವಾರ ಚರ್ಚಿನಲ್ಲಿ ಫಾದರ್ ಕೈಯಲ್ಲಿ ಕಾಲು ತೊಳೆಸಿಕೊಳ್ಳುವ ಹನ್ನೆರಡು ಜನರಲ್ಲಿ ಒಂದು ವರ್ಷ ನಮ್ಮಪ್ಪನ ಹೆಸರೂ ಬಂತು. ಅವತ್ತು ಮಧ್ಯಾಹ್ನವೇ ಬಚ್ಚಲಲ್ಲಿ ಕೂತು ಹಿಮ್ಮಡಿಯನ್ನು ಕಲ್ಲಿನಿಂದ ಉಜ್ಜಿ ಉಜ್ಜಿ ತೊಳೆದರು. ‘ಫಾದರ್ ಹೇಗೂ ತೊಳೀತಾರಲ್ವಾ’ ಅಂದಿದ್ದಕ್ಕೆ, ‘ಕೊಳೆ ಕಾಲನ್ನ ಅವರ ಕೈಗೆ ಕೊಡೋಕಾಗುತ್ತಾ?’ ಅಂತ ಗದರಿದರು. ಸಂಜೆ ಫಾದರ್ ಮಂಡಿಯೂರಿ ತಂಬಿಗೆಯಿಂದ ನೀರು ಸುರಿದಾಗ ಅಪ್ಪ ಮುದುರಿ ಕೂತಿದ್ದರು.

ಯೇಸು ಶಿಷ್ಯರ ಕಾಲು ತೊಳೆದದ್ದು ಯೊವಾನ್ನರ ಶುಭಸಂದೇಶದ 13ನೇ ಅಧ್ಯಾಯದಲ್ಲಿದೆ. ಅದಕ್ಕೇ ಊರಿನ ಚರ್ಚುಗಳಲ್ಲಿ ಈ ಪದ್ಧತಿ ಎರಡು ಸಾವಿರ ವರ್ಷದಿಂದ ಇದೆ ಅಂದುಕೊಂಡಿದ್ದೇವೆ. ಹಾಗೇನಿಲ್ಲ. ಬಹುಕಾಲ ಇದು ಹೆಚ್ಚಾಗಿ ಬಿಷಪ್ಪರ ಮುಖ್ಯ ಚರ್ಚಾದ ಕತೀಡ್ರಲ್‌, ಸನ್ಯಾಸಿಗಳ ಮಠಗಳಲ್ಲಿ ನಡೆಯುತ್ತಿದ್ದ ವಿಧಿ. ಗುರುವಾರ ಸಂಜೆಯ ಬಲಿಪೂಜೆಯ ಒಳಗೆ ಅದನ್ನು ತಂದದ್ದು 1955ರಲ್ಲಿ, ಪೋಪ್ ಹನ್ನೆರಡನೇ ಪಿಯುಸ್. ಆಗ ಗಂಡಸರಿಗೆ ಮಾತ್ರ. 2013ರಲ್ಲಿ ಪೋಪ್ ಫ್ರಾನ್ಸಿಸ್ ರೋಮ್‌ನ ಬಾಲಾಪರಾಧಿಗಳ ಜೈಲಿಗೆ ಹೋಗಿ ಹುಡುಗಿಯರ, ಮುಸ್ಲಿಮರ ಕಾಲನ್ನೂ ತೊಳೆದರು. ನಿಯಮ ಬದಲಾಗಿ ಹೆಂಗಸರಿಗೂ ಅವಕಾಶ ಸಿಕ್ಕಿದ್ದು 2016ರಲ್ಲಿ.

ಮುಖಂಡನೇ ಸೇವಕ ಅನ್ನೋ ಮಾತು ತುಮಕೂರಿನವರಿಗೆ ಹೊಸದಲ್ಲ. ಸಿದ್ಧಗಂಗೆ ಮಠದ ದಾಸೋಹ ಕಣ್ಣೆದುರೇ ಇದೆ. ಆ ಪದದಲ್ಲೇ ‘ದಾಸ’ ಕೂತಿದ್ದಾನೆ. ಹಳೆಯ ಕನ್ನಡ ಬೈಬಲ್‌ನಲ್ಲೂ ಬಿಷಪ್ಪರಿಗೆ ‘ಸಭಾಧ್ಯಕ್ಷ’, ಅವರ ಕೆಳಗಿನ ಡೀಕನ್‌ಗೆ ‘ಸಭಾಸೇವಕ’ ಅಂತ ಎರಡು ಪದ ಸಿಗುತ್ತವೆ. ಅಧ್ಯಕ್ಷರ ಕುರ್ಚಿಗೆ ಜಾಸ್ತಿ ಜನ ಯಾಕೆ, ಸೇವಕರ ಚಾಪೆಗೆ ಕಡಿಮೆ ಯಾಕೆ ಅಂತ ಕೇಳಬೇಡಿ.

ಚರಿತ್ರೆಯೂ ಆ ಕುರ್ಚಿಯ ಕಡೆಗೇ ವಾಲಿತು. 1830ರ ದಶಕದಲ್ಲಿ ಗುಬ್ಬಿಗೆ ಪ್ರೊಟೆಸ್ಟೆಂಟರಾದ ವೆಸ್ಲಿಯನ್ ಮಿಷನರಿಗಳು ಬಂದರು. ಆಮೇಲೆ ಚಿಕ್ಕಬಳ್ಳಾಪುರಕ್ಕೆ ಲಂಡನ್ ಮಿಷನ್, ಕೋಲಾರಕ್ಕೆ ಅಮೆರಿಕದ ಮೆಥಡಿಸ್ಟರು. ಆಸ್ಪತ್ರೆ, ಶಾಲೆ ಕಟ್ಟಿದರು. ಅದು ಸೇವೆಯೇ, ಎರಡು ಮಾತಿಲ್ಲ. ಆದರೆ ಬಿಳಿಯರನ್ನೆಲ್ಲ ‘ದೊರೆ’ ಅಂತ ಕರೆಯುತ್ತಿದ್ದ ಕಾಲ. ಸಂಬಳ, ನಿರ್ಧಾರ ಎಲ್ಲ ಅವರ ಕೈಯಲ್ಲಿ. ಹಳ್ಳಿ ಹಳ್ಳಿ ಸುತ್ತಿ ಕಾಲು ಸವೆಸಿದ್ದು ಧರ್ಮಬೋಧನೆ ಮಾಡುತ್ತಿದ್ದ ಊರಿನ ಉಪದೇಶಿ.

ಅಧಿಕಾರದ ಈ ಬೀಗ ಸಡಿಲವಾದದ್ದು ಎರಡು ದಾರಿಯಲ್ಲಿ. 1947ರ ಸೆಪ್ಟೆಂಬರ್ 27ರಂದು ಹಲವು ಪ್ರೊಟೆಸ್ಟೆಂಟ್ ಸಭೆಗಳು, ಅಂದ್ರೆ ಚರ್ಚು ಪಂಗಡಗಳು, ಸೇರಿ ಸಿಎಸ್‌ಐ (ಚರ್ಚ್ ಆಫ್ ಸೌತ್ ಇಂಡಿಯಾ) ಆಯಿತು. ಅಲ್ಲಿ ಸಭೆಯವರೇ ಸಮಿತಿಯನ್ನು ಚುನಾಯಿಸುತ್ತಾರೆ. ಮೇಲೆ ನೋಡಿದರೆ ಇದೇ ಸರಿ ಅನಿಸುತ್ತೆ. ಆದರೆ ಸಮಿತಿ ಚುನಾವಣೆ ಕೆಲವು ಸಲ ಪಂಚಾಯಿತಿ ಚುನಾವಣೆಯನ್ನೂ ಮೀರಿಸುತ್ತೆ.

ಕಥೋಲಿಕರಿಗೆ ತಿರುವು ಸಿಕ್ಕಿದ್ದು ಲೋಕದ ಬಿಷಪ್ಪರು ಸೇರಿದ್ದ ಎರಡನೇ ವ್ಯಾಟಿಕನ್ ಮಹಾಸಭೆಯಲ್ಲಿ, 1962ರಿಂದ 65ರವರೆಗೆ. ಧರ್ಮಸಭೆ ಅಂದ್ರೆ ಮೊದಲು ದೇವಜನ, ಆಮೇಲೆ ಅಧಿಕಾರಿಗಳು ಅಂತ ಅದು ಬರೆಯಿತು. ಪೂಜೆ ಲ್ಯಾಟಿನ್‌ನಿಂದ ಕನ್ನಡಕ್ಕೆ ಬಂತು. ಧರ್ಮಕೇಂದ್ರಗಳಲ್ಲಿ, ಅಂದ್ರೆ ಒಬ್ಬ ಫಾದರ್ ನೋಡಿಕೊಳ್ಳುವ ಊರಿನ ಚರ್ಚುಗಳಲ್ಲಿ, ಭಕ್ತರೂ ಕೂರುವ ಪಾಲನಾ ಸಮಿತಿಗಳು ಹುಟ್ಟಿದವು. 1983ರ ಧರ್ಮಸಭಾ ಕಾನೂನು ಅವಕ್ಕೆ ಗೆರೆ ಎಳೆಯಿತು. 536ನೇ ವಿಧಿಯ ಪ್ರಕಾರ ಪಾಲನಾ ಸಮಿತಿ ಸಲಹೆ ಮಾತ್ರ ಕೊಡಬಹುದು, ಅಧ್ಯಕ್ಷರು ಫಾದರೇ. ಅದೂ ಬಿಷಪ್ಪರು ಬೇಕು ಅಂದರೆ ಉಂಟು. ಮುಂದಿನ 537ನೇ ವಿಧಿ ಹಾಗಲ್ಲ. ಪ್ರತಿ ಧರ್ಮಕೇಂದ್ರದಲ್ಲೂ ಹಣಕಾಸು ಸಮಿತಿ ಇರಲೇಬೇಕು ಅನ್ನುತ್ತೆ.

ನನ್ನ ಕೇಳಿದರೆ ಈ ಎರಡನೆಯದೇ ನಿಜವಾದ ತಂಬಿಗೆ. ಕಾಲು ತೊಳೆಯೋದು ವರ್ಷಕ್ಕೊಂದು ಸಂಜೆ. ಲೆಕ್ಕ ತೋರಿಸೋದು ತಿಂಗಳು ತಿಂಗಳೂ. ಸೇವಕನಾಗಿ ಮುಂದಾಳತ್ವ, ಅಂದ್ರೆ ‘ಸರ್ವೆಂಟ್ ಲೀಡರ್‌ಶಿಪ್’ ಅನ್ನೋ ಮಾತನ್ನು 1970ರಲ್ಲಿ ಚಾಲ್ತಿಗೆ ತಂದ ರಾಬರ್ಟ್ ಗ್ರೀನ್‌ಲೀಫ್ ಪಾದ್ರಿಯಲ್ಲ, ಅಮೆರಿಕದ ಟೆಲಿಫೋನ್ ಕಂಪನಿಯಲ್ಲಿ ದುಡಿದವರು. ಈಗ ಆ ಮಾತು ತರಬೇತಿ ಶಿಬಿರಗಳಿಂದ ಚರ್ಚಿಗೇ ವಾಪಸ್ ಬರುತ್ತಿದೆ. ಬರಲಿ.

ಈ ಸೀಮೆಯ ಒಂದು ಧರ್ಮಕೇಂದ್ರದಲ್ಲಿ ಹಬ್ಬದ ಖರ್ಚಿನ ಲೆಕ್ಕ ಕೇಳಿದ್ದಕ್ಕೆ ‘ನಿಮಗ್ಯಾಕೆ?’ ಅನ್ನಿಸಿಕೊಂಡು ಬಂದವನು ನಾನು. ಆಮೇಲೆ ಬೇರೆ ಫಾದರ್ ಬಂದರು. ಒಂದು ಭಾನುವಾರ ಪೂಜೆ ಮುಗಿದು ಆಚೆ ಬಂದರೆ ಬಾಗಿಲ ಪಕ್ಕ ಒಂದು ಹಾಳೆ ಅಂಟಿಸಿತ್ತು. ಕಾಣಿಕೆ ಇಷ್ಟು, ಕರೆಂಟ್ ಬಿಲ್ ಇಷ್ಟು, ಹೂವಿಗೆ ಇಷ್ಟು. ಅಪ್ಪ ಕನ್ನಡಕ ಏರಿಸಿ, ಸಾಲಿನ ಮೇಲೆ ಬೆರಳಿಟ್ಟು, ಸುಮ್ನೆ ಪೂರ್ತಿ ಓದಿದರು. ಹೂವಿಗೆ ಜಾಸ್ತಿಯಾಯ್ತು ಅಂದರು.