ವಾರ ಎಷ್ಟು, ಡೋಸ್ ಎಷ್ಟು?

ಹೋದ ಮಳೆಗಾಲದಲ್ಲಿ ಡೊಂಬಿವಲಿಯ ನನ್ನ ಎಕ್ಸ್‌ರೇ ಸೆಂಟರಿಗೆ ವಿಜಯಪುರ ಕಡೆಯ ಗಂಡ ಹೆಂಡತಿ ಬಂದರು. ಸೀರೆ ಅಂಗಡಿಯ ಚೀಲದಲ್ಲಿ ಎದೆಯ ಎಕ್ಸ್‌ರೇ ಫಿಲ್ಮು. ಕೆಮ್ಮು ಅಂತ ಬೇರೆ ಕಡೆ ತೆಗೆಸಿದ್ದು. ನಾಲ್ಕು ದಿನಕ್ಕೆ ಗೊತ್ತಾಗಿದೆ, ಆಕೆ ಬಸುರಿ.

"ಗರ್ಭ ತೆಗೆಸಿಬಿಡ್ರಿ ಅಂತಾರ್ರೀ ಎಲ್ಲಾರೂ. ಕೂಸಿಗೆ ಬುದ್ಧಿ ಬೆಳೆಯಂಗಿಲ್ಲಂತ. ಖರೇ ಏನ್ರೀ ಡಾಕ್ಟ್ರ?"

ಗೋಡೆಯ ಮೇಲಿದ್ದ ಕಾಲನಿರ್ಣಯ ಕ್ಯಾಲೆಂಡರ್ ಇಳಿಸಿ ಲೆಕ್ಕಕ್ಕೆ ಕೂತೆವು. ತಾರೀಖು ನೆನಪಿಲ್ಲ, ಆದರೆ ಬಸವ ಜಯಂತಿಯ ಮರುದಿನ ಮುಟ್ಟಾಗಿದ್ದು ನೆನಪಿತ್ತು. ಅಲ್ಲಿಂದ ಎಕ್ಸ್‌ರೇ ದಿನಕ್ಕೆ 11 ವಾರ. ನಾವು ಡಾಕ್ಟರುಗಳು ಮುಟ್ಟಿನಿಂದ ಎಣಿಸುತ್ತೇವೆ. ಗರ್ಭ ನಿಂತಿದ್ದು ಅದಕ್ಕಿಂತ ಎರಡು ವಾರ ಈಚೆಗೆ. ಅಂದರೆ 9ನೇ ವಾರ. ನಿಜ ಹೇಳಬೇಕಂದರೆ, ಸೂಕ್ಷ್ಮ ಹೊತ್ತೇ.

ಯಾಕೆ ಅಂದರೆ, ಗರ್ಭ ನಿಂತ 8ರಿಂದ 15ನೇ ವಾರದೊಳಗೆ ಮೆದುಳಿನ ನರಕೋಶಗಳು ಭರದಿಂದ ಹುಟ್ಟುತ್ತಿರುತ್ತವೆ. ಮೆದುಳಿನ ನಡುವಿನ ನೀರು ತುಂಬಿದ ಪೊಳ್ಳಿನ ಅಂಚೇ ಅವುಗಳ ಹೆರಿಗೆಮನೆ. ಹುಟ್ಟಿದ ಮೇಲೆ ಅಲ್ಲೇ ಕೂರುವುದಿಲ್ಲ. ಉದ್ದ ನಾರಿನಂಥ ಗ್ಲಿಯಾ ಕೋಶಗಳನ್ನು ಹಿಡಿದು, ಹಗ್ಗ ಹತ್ತಿದ ಹಾಗೆ ಹೊರಪದರಕ್ಕೆ ಏರುತ್ತವೆ. ಆಗ ವಿಕಿರಣದ ದೊಡ್ಡ ಡೋಸ್ ಬಿದ್ದರೆ ಒಡೆದು ಎರಡಾಗುತ್ತಿರುವ ಕೋಶಗಳು ಕೆಲವೇ ಗಂಟೆಗಳಲ್ಲಿ ಸಾಯುತ್ತವೆ. ಉಳಿದವು ಕೆಲವು ದಾರಿ ತಪ್ಪಿ ಎಲ್ಲೋ ನಿಲ್ಲುತ್ತವೆ. ಚರ್ಮವಾದರೆ ಮಾಯುತ್ತಿತ್ತು. ನರಕೋಶ ಒಮ್ಮೆ ಆದ ಮೇಲೆ ಮತ್ತೆ ಒಡೆದು ಎರಡಾಗುವುದಿಲ್ಲ, ಹೋದದ್ದು ಹೋದಂತೆ.

ಇದು ಗೊತ್ತಾಗಿದ್ದು ಹಿರೋಶಿಮಾ, ನಾಗಸಾಕಿಯಿಂದ. 1945ರಲ್ಲಿ ಅಲ್ಲಿ ಅಣುಬಾಂಬ್ ಬಿದ್ದಾಗ ತಾಯಿಯ ಹೊಟ್ಟೆಯಲ್ಲಿದ್ದ ಸುಮಾರು 1,600 ಮಕ್ಕಳನ್ನು ವರ್ಷಗಟ್ಟಲೆ ಗಮನಿಸಿದರು. 30 ಮಕ್ಕಳಿಗೆ ಬುದ್ಧಿ ಬೆಳವಣಿಗೆ ತೀರಾ ಕುಂಠಿತವಾಗಿತ್ತು. ವಿಕಿರಣದಿಂದ ಹೆಚ್ಚು ಪೆಟ್ಟು ತಿಂದವರು ಇದೇ 8ರಿಂದ 15 ವಾರದವರು. 16ರಿಂದ 25 ವಾರದವರಲ್ಲಿ ಕಡಿಮೆ. 8 ವಾರಕ್ಕೆ ಮೊದಲು ಈ ತೊಂದರೆ ಕಾಣಲಿಲ್ಲ.

ಇಷ್ಟು ಕೇಳಿ ಗಂಡನ ಮುಖ ಇಳಿಯಿತು. ವಾರದ ಲೆಕ್ಕವನ್ನು ಮೊದಲು ಹೇಳಿದ್ದೇ ನನ್ನ ತಪ್ಪು ಅಂತ ಕಾಣುತ್ತೆ. ಡೋಸ್ ಹೇಳದೆ ವಾರ ಹೇಳಿದರೆ ಅದು ಬರೀ ಹೆದರಿಸಿದ ಹಾಗೆ, ಅಲ್ವಾ?

ಮಗುವಿಗೆ ಬೀಳುವ ಡೋಸನ್ನು ಮಿಲಿಗ್ರೇಯಲ್ಲಿ ಅಳೆಯುತ್ತೇವೆ. 100ಕ್ಕಿಂತ ಕೆಳಗೆ ಮೆದುಳಿಗೆ ಹಾನಿಯಾಗಿದ್ದು ಕಂಡಿಲ್ಲ; ಅಷ್ಟಕ್ಕೆಲ್ಲ ಗರ್ಭ ತೆಗೆಸಬೇಡಿ ಅಂತಲೇ ಅಂತರರಾಷ್ಟ್ರೀಯ ವಿಕಿರಣ ರಕ್ಷಣಾ ಆಯೋಗ ಹೇಳುತ್ತದೆ. ಎದೆಯ ಎಕ್ಸ್‌ರೇಯಲ್ಲಿ ಹೊಟ್ಟೆಯ ಮಗುವಿಗೆ ತಲುಪುವುದು 0.01ಕ್ಕಿಂತ ಕಡಿಮೆ. ನೆಲ, ಗಾಳಿ, ಆಕಾಶದಿಂದ ಒಂಬತ್ತು ತಿಂಗಳಲ್ಲಿ ಪುಕ್ಕಟೆ ಸಿಗುವುದೇ ಇದಕ್ಕಿಂತ ಎಷ್ಟೋ ಜಾಸ್ತಿ. ಹೊಟ್ಟೆಯ ಸಿಟಿ ಸ್ಕ್ಯಾನ್ ಕೂಡ ಒಮ್ಮೆಗೆ ಸಾಮಾನ್ಯವಾಗಿ 100ರ ಒಳಗೇ. ಮತ್ತೆ ಮತ್ತೆ ಮಾಡಿಸಿದಾಗ, ಕ್ಯಾನ್ಸರಿಗೆ ಕಿಬ್ಬೊಟ್ಟೆಗೆ ರೇಡಿಯೋಥೆರಪಿ ಕೊಟ್ಟಾಗ ಮಾತ್ರ ಕೂತು ಲೆಕ್ಕ ಹಾಕಬೇಕು.

ಗರ್ಭ ತೆಗೆಸಲಿಲ್ಲ. ಎರಡು ವಾರ ಬಿಟ್ಟು ಸೋನೋಗ್ರಫಿಗೆ ಬಂದರು. ಹೊಟ್ಟೆಗೆ ತಣ್ಣನೆಯ ಜೆಲ್ ಹಚ್ಚಿದ ಕೂಡಲೇ ಆಕೆ ನನ್ನ ಕೈ ತಡೆದಳು.

"ಇದ್ರಾಗೂ ರೇಡಿಯೇಶನ್ ಇರ್ತದೇನ್ರೀ?"

"ಇಲ್ಲಮ್ಮ, ಇದು ಬರೀ ಶಬ್ದದ ಅಲೆ."

"ಹಂಗಾರ ಹಚ್ರಿ," ಅಂದು ಕೈ ತೆಗೆದಳು.