ಸೆನೆಟ್ ಸೀಟಿನ ಹಣೆಬರಹ ಬರೆಯುವುದು ನವೆಂಬರ್ ಅಲ್ಲ

ಕ್ಯಾಲಿಫೋರ್ನಿಯಾದ ರಾಜ್ಯ ಸೆನೆಟ್ ಎಂದರೆ ನಮ್ಮ ವಿಧಾನ ಪರಿಷತ್ತಿನಂತೆ ಎಂದು ಹೇಳಿ ಮುಗಿಸುವವರು ಬಹಳ. ಮೇಲ್ಮನೆ ಎಂಬುದಷ್ಟೇ ನಿಜ. ಅಲ್ಲಿ ಪದವೀಧರ ಕ್ಷೇತ್ರವಿಲ್ಲ, ಶಿಕ್ಷಕರ ಕ್ಷೇತ್ರವಿಲ್ಲ, ನಾಮನಿರ್ದೇಶನವೂ ಇಲ್ಲ. 40 ಸೀಟು, 40 ಕ್ಷೇತ್ರ, ಎಲ್ಲಕ್ಕೂ ನೇರ ಚುನಾವಣೆ, 4 ವರ್ಷದ ಅವಧಿ. 2020ರ ಜನಗಣತಿಯ ಲೆಕ್ಕದಲ್ಲಿ ಒಂದೊಂದು ಕ್ಷೇತ್ರಕ್ಕೆ ಸುಮಾರು 9.88 ಲಕ್ಷ ಜನ. ವಾಷಿಂಗ್ಟನ್‌ಗೆ ಹೋಗುವ ಸಂಸದರ ಕ್ಷೇತ್ರಕ್ಕೆ ಇರುವುದು 7.6 ಲಕ್ಷದ ಆಸುಪಾಸು. ಅಂದರೆ ರಾಜ್ಯದ ರಾಜಧಾನಿ ಸ್ಯಾಕ್ರಮೆಂಟೊದಲ್ಲಿ ಕೂರುವ ಸೆನೆಟರ್ ಪ್ರತಿನಿಧಿಸುವ ಜನ ಸಂಸದರಿಗಿಂತ ಹೆಚ್ಚು. ಆದರೂ ತಮ್ಮ ಸೆನೆಟರ್ ಯಾರೆಂದು ಕೇಳಿದರೆ ಅನೇಕರಿಗೆ ಗೊತ್ತಿರುವುದಿಲ್ಲ.

ಮೊದಲು ಗೆರೆ. ಕ್ಷೇತ್ರದ ಗಡಿ ಎಳೆಯುವ ಕೆಲಸವನ್ನು 2008ರಲ್ಲಿ ಮತದಾರರೇ ಶಾಸಕರ ಕೈಯಿಂದ ಕಿತ್ತುಕೊಂಡು ನಾಗರಿಕರ ಆಯೋಗಕ್ಕೆ ಕೊಟ್ಟರು. ಆಯೋಗದಲ್ಲಿ 14 ಜನ: 5 ಡೆಮಾಕ್ರಟರು, 5 ರಿಪಬ್ಲಿಕನ್ನರು, ಎರಡೂ ಅಲ್ಲದ 4 ಮಂದಿ. ರಾಜ್ಯದ ಆಡಿಟರ್ ಕಚೇರಿ ಅರ್ಜಿಗಳನ್ನು ಸೋಸಿ, ಮೊದಲ 8 ಮಂದಿಯನ್ನು ಲಾಟರಿ ಎತ್ತಿ ಆರಿಸುತ್ತದೆ. ಉಳಿದ 6 ಮಂದಿಯನ್ನು ಆ ಎಂಟು ಜನ ಆರಿಸುತ್ತಾರೆ. ನಕ್ಷೆ ಪಾಸಾಗಲು 9 ಮತ ಬೇಕು, ಮೂರೂ ಗುಂಪಿನಿಂದ ತಲಾ 3 ಇರಲೇಬೇಕು. ಹಾಲಿ ಸೆನೆಟರ್ ಮನೆ ಎಲ್ಲಿದೆ ಎಂದು ನೋಡಿ ಗೆರೆ ಎಳೆಯುವಂತಿಲ್ಲ. ಈಗಿನ ನಕ್ಷೆ 2021ರ ಕೊನೆಗೆ ಸಿದ್ಧವಾದದ್ದು. 2025ರ ನವೆಂಬರ್‌ನಲ್ಲಿ ಗದ್ದಲವಾದ ಪ್ರಾಪೊಸಿಷನ್ 50 (ಮತದಾರರ ಮುಂದಿಟ್ಟ ಪ್ರಸ್ತಾವ) ಬದಲಿಸಿದ್ದು ಸಂಸದರ ಕ್ಷೇತ್ರಗಳನ್ನು ಮಾತ್ರ, ಸೆನೆಟ್ ಗೆರೆಗಳನ್ನು ಅದು ಮುಟ್ಟಿಲ್ಲ.

ಜನಸಂಖ್ಯೆ ಎಂದರೆ ಮತದಾರರ ಸಂಖ್ಯೆಯಲ್ಲ. ಮಕ್ಕಳು, ಎಚ್-1ಬಿ ವೀಸಾದವರು, ಗ್ರೀನ್ ಕಾರ್ಡಿನವರು ಎಲ್ಲರೂ ಲೆಕ್ಕಕ್ಕೆ ಸೇರುತ್ತಾರೆ. ಫ್ರೀಮಾಂಟ್, ಸನಿವೇಲ್, ಸಾಂಟಾ ಕ್ಲಾರಾಗಳ ಅನೇಕ ಕನ್ನಡ ಕುಟುಂಬಗಳು ಇರುವ 10ನೇ ಕ್ಷೇತ್ರದಲ್ಲಿ ಇದು ಚೆನ್ನಾಗಿ ಕಾಣುತ್ತದೆ: ತಲೆ ಎಣಿಸುವಾಗ ಇದ್ದವರಲ್ಲಿ ಎಷ್ಟೋ ಮಂದಿ ಮತಪಟ್ಟಿಯಲ್ಲಿ ಇರುವುದಿಲ್ಲ.

ಜನರನ್ನು ಹೆಚ್ಚು ತಬ್ಬಿಬ್ಬು ಮಾಡುವುದು ಸರಿ-ಬೆಸ ಲೆಕ್ಕ. 40 ಸೀಟಿಗೂ ಒಟ್ಟಿಗೆ ಚುನಾವಣೆ ನಡೆಯುವುದಿಲ್ಲ. ಸರಿಸಂಖ್ಯೆಯ 20 ಕ್ಷೇತ್ರಗಳಿಗೆ ಗವರ್ನರ್ ಚುನಾವಣೆಯ ವರ್ಷ (2022, 2026), ಬೆಸಸಂಖ್ಯೆಯವಕ್ಕೆ ಅಧ್ಯಕ್ಷರ ಚುನಾವಣೆಯ ವರ್ಷ (2024, 2028). ಪುನರ್ವಿಂಗಡಣೆ ಆದಾಗ ಇದು ಕೈಕೊಡುತ್ತದೆ. 2018ರಲ್ಲಿ ಸರಿಸಂಖ್ಯೆಯ ಕ್ಷೇತ್ರದಲ್ಲಿ ಮತ ಹಾಕಿದ ಬೀದಿಯೊಂದು ಹೊಸ ನಕ್ಷೆಯಲ್ಲಿ ಬೆಸಸಂಖ್ಯೆಗೆ ಸೇರಿತು ಎನ್ನಿ. ಅವರಿಗೆ 2022ರಲ್ಲಿ ಸೆನೆಟ್ ಮತಪತ್ರವೇ ಇಲ್ಲ, 2024ರವರೆಗೆ ಕಾಯಬೇಕು: ಎರಡು ಮತದಾನಗಳ ನಡುವೆ 6 ವರ್ಷ. ಇಂಥ ಪ್ರದೇಶಗಳ ಅಹವಾಲು ಕೇಳಲು ಸೆನೆಟ್‌ನ ರೂಲ್ಸ್ ಕಮಿಟಿ ಪಕ್ಕದ ಸೆನೆಟರ್ ಒಬ್ಬರನ್ನು ಗೊತ್ತುಮಾಡುತ್ತದೆ. ತದ್ವಿರುದ್ಧವಾಗಿ ಕೆಲವರು ಎರಡೇ ವರ್ಷದಲ್ಲಿ ಮತ್ತೆ ಮತ ಹಾಕುತ್ತಾರೆ. ಮತಪತ್ರದಲ್ಲಿ ಸೆನೆಟ್ ಕಾಲಂ ಕಾಣದಿದ್ದರೆ ಅದು ಅಚ್ಚಿನ ತಪ್ಪಲ್ಲ, ಈ ಲೆಕ್ಕವೇ.

ನಾಮಪತ್ರ ಸಲ್ಲಿಸುವುದು ಕಷ್ಟವೇನಲ್ಲ. ಕ್ಷೇತ್ರದ ಮತದಾರರ 40ರಿಂದ 60 ಸಹಿ, ವಾರ್ಷಿಕ ಸಂಬಳದ ಶೇ. 1ರಷ್ಟು ಶುಲ್ಕ, ಅಂದರೆ 2022ರಲ್ಲಿ ಸುಮಾರು 1,200 ಡಾಲರ್. ನಮ್ಮ ಠೇವಣಿಯಂತಲ್ಲ, ಎಷ್ಟು ಮತ ಬಿದ್ದರೂ ಅದು ವಾಪಸ್ ಬರುವುದಿಲ್ಲ. ಬಿ ಫಾರಂ ಎಂಬುದೂ ಇಲ್ಲ. ಹೆಸರಿನ ಕೆಳಗೆ ಕಾಣುವ ಪಕ್ಷ ಅಭ್ಯರ್ಥಿ ತಾನೇ ನೋಂದಾಯಿಸಿಕೊಂಡ ಒಲವು, ಪಕ್ಷ ಕೊಟ್ಟ ಟಿಕೆಟ್ ಅಲ್ಲ. ಒಂದೇ ಪಕ್ಷದ ಹೆಸರಿನಲ್ಲಿ ಆರು ಜನ ನಿಂತರೂ ಪಕ್ಷದ ಕಚೇರಿ ತಡೆಯಲಾರದು.

ಅನಾಹುತ ಆಗುವುದು ಇಲ್ಲೇ. 2012ರಿಂದ ಜಾರಿಯಲ್ಲಿರುವ ಬಗೆಯ ಪ್ರೈಮರಿಯಲ್ಲಿ, ಅಂದರೆ ಮೊದಲ ಸುತ್ತಿನ ಮತದಾನದಲ್ಲಿ, ಎಲ್ಲ ಪಕ್ಷದವರೂ ಒಂದೇ ಪಟ್ಟಿಯಲ್ಲಿ ಇರುತ್ತಾರೆ; ಹೆಚ್ಚು ಮತ ಪಡೆದ ಇಬ್ಬರು, ಯಾವ ಪಕ್ಷದವರೇ ಆಗಲಿ, ನವೆಂಬರ್‌ಗೆ ಹೋಗುತ್ತಾರೆ. 2022ರಲ್ಲಿ ಮೊಡೆಸ್ಟೊ ಮತ್ತು ಸಿಯೆರ‍್ರಾ ನೆವಾಡಾ ಬೆಟ್ಟಸಾಲಿನ 4ನೇ ಕ್ಷೇತ್ರದಲ್ಲಿ 6 ರಿಪಬ್ಲಿಕನ್ನರು, 2 ಡೆಮಾಕ್ರಟರು ನಿಂತರು. ರಿಪಬ್ಲಿಕನ್ನರಿಗೆ ಒಟ್ಟಾಗಿ ಅರ್ಧಕ್ಕಿಂತ ಹೆಚ್ಚು ಮತ ಬಿತ್ತು, ಆದರೆ ಆರು ಪಾಲಾಯಿತು. ಇಬ್ಬರು ಡೆಮಾಕ್ರಟರೇ ಅಂತಿಮ ಸುತ್ತಿಗೆ ಹೋದರು. ಅಂತಿಮ ಸುತ್ತಿನಲ್ಲಿ ಪಟ್ಟಿಯಲ್ಲಿಲ್ಲದ ಹೆಸರನ್ನು ಕೈಯಲ್ಲಿ ಬರೆದು ಮತ ಹಾಕಲು ಅವಕಾಶವಿಲ್ಲದ ಕಾರಣ ಆ ಕ್ಷೇತ್ರದ ಬಹುಸಂಖ್ಯಾತರಿಗೆ ನವೆಂಬರ್‌ನಲ್ಲಿ ತಮ್ಮ ಪಕ್ಷದವರೇ ಇರಲಿಲ್ಲ. ಗೆದ್ದ ಮೇರಿ ಅಲ್ವರಾಡೊ-ಗಿಲ್ 2024ರ ಆಗಸ್ಟ್‌ನಲ್ಲಿ ತಾವೇ ರಿಪಬ್ಲಿಕನ್ ಪಕ್ಷ ಸೇರಿದರು, ಅದು ಬೇರೆ ಮಾತು. 10ನೇ ಕ್ಷೇತ್ರದಲ್ಲೂ ಅದೇ ವರ್ಷ ಕೊನೆಗೆ ಉಳಿದದ್ದು ಇಬ್ಬರು ಡೆಮಾಕ್ರಟರು, ಐಶಾ ವಹಾಬ್ ಮತ್ತು ಲಿಲಿ ಮೇ, ಗೆದ್ದದ್ದು ವಹಾಬ್. ಆ ವರ್ಷ ಜೂನ್ ಪ್ರೈಮರಿಗೆ ಬಂದದ್ದು ನೋಂದಾಯಿತರಲ್ಲಿ ಮೂರರಲ್ಲಿ ಒಬ್ಬರು, ನವೆಂಬರ್‌ಗೆ ಅರ್ಧದಷ್ಟು ಜನ. ನನ್ನನ್ನು ಕೇಳಿದರೆ, ಒಂದೇ ಸಲ ಮತ ಹಾಕಲು ಪುರುಸೊತ್ತು ಇದ್ದರೆ ಪ್ರೈಮರಿಯಲ್ಲಿ ಹಾಕಿ. ಅದು ಗವರ್ನರ್ ಚುನಾವಣೆಯ ವರ್ಷ ಜೂನ್‌ನಲ್ಲಿ, ಅಧ್ಯಕ್ಷರ ಚುನಾವಣೆಯ ವರ್ಷ ಮಾರ್ಚ್‌ನಲ್ಲಿ ಬರುತ್ತದೆ.

ಅವಧಿಯ ನಡುವೆ ಸೀಟು ಖಾಲಿಯಾದರೆ? ಇಲಿನಾಯ್‌ನಲ್ಲಿ ಅದೇ ಪಕ್ಷದ ಸ್ಥಳೀಯ ಸಮಿತಿ ಒಬ್ಬರನ್ನು ನೇಮಿಸಿಬಿಡುತ್ತದೆ. ಕ್ಯಾಲಿಫೋರ್ನಿಯಾದಲ್ಲಿ ನೇಮಕವಿಲ್ಲ, ಉಪಚುನಾವಣೆಯೇ ಆಗಬೇಕು. 14 ದಿನದೊಳಗೆ ಗವರ್ನರ್ ಘೋಷಣೆ ಹೊರಡಿಸಬೇಕು. ಅಲ್ಲಿಂದ 126ರಿಂದ 140 ದಿನದೊಳಗಿನ ಒಂದು ಮಂಗಳವಾರ ಅಂತಿಮ ಮತದಾನ, ಅದಕ್ಕೆ ಸುಮಾರು ಎರಡು ತಿಂಗಳು ಮೊದಲು ಪ್ರೈಮರಿ. ಬೇರೆ ಚುನಾವಣೆಯ ಜೊತೆ ಸೇರಿಸುವುದಾದರೆ 200 ದಿನದವರೆಗೂ ಎಳೆಯಬಹುದು. ಇಲ್ಲಿ ಒಂದು ನಿಯಮ ಮಾಮೂಲಿ ಚುನಾವಣೆಗಿಂತ ಬೇರೆ: ಪ್ರೈಮರಿಯಲ್ಲೇ ಅರ್ಧ ದಾಟಿದವರು ಅಲ್ಲೇ ಗೆದ್ದಂತೆ. 2025ರ ಫೆಬ್ರವರಿ 25ರಂದು ಆರೆಂಜ್ ಕೌಂಟಿಯ 36ನೇ ಕ್ಷೇತ್ರದಲ್ಲಿ ಟೋನಿ ಸ್ಟ್ರಿಕ್‌ಲ್ಯಾಂಡ್ ಹೀಗೆ ಗೆದ್ದರು, ಏಪ್ರಿಲ್‌ನ ಎರಡನೇ ಸುತ್ತು ಬೇಕಾಗಲೇ ಇಲ್ಲ. ಆಮೇಲೆ ನೋಡೋಣ ಎಂದು ಕೂತವರ ಮತಕ್ಕೆ ಅವಕಾಶವೇ ಬರಲಿಲ್ಲ.

ಖಾಲಿ ಸೀಟನ್ನು ಸದನದ ಲೆಕ್ಕದಿಂದ ಕಳೆಯುವುದಿಲ್ಲ. ಸಾಮಾನ್ಯ ಮಸೂದೆಗೆ 21, ತೆರಿಗೆಗೆ 27 ಮತ ಬೇಕು, 40ರಲ್ಲಿ ಎಷ್ಟು ಜನ ಇದ್ದರೂ ಸರಿ. ಹಾಗಾಗಿ ಖಾಲಿ ಕುರ್ಚಿ ಪ್ರತಿ ಮಸೂದೆಗೂ ವಿರೋಧ ಮತವಿದ್ದಂತೆ.

ಈ 27ರ ಬೆಲೆ 2017ರಲ್ಲಿ ಕಂಡಿತು. ರಸ್ತೆ ದುರಸ್ತಿಗೆಂದು ಪೆಟ್ರೋಲ್ ಮೇಲೆ ಗ್ಯಾಲನ್ನಿಗೆ 12 ಸೆಂಟ್ ಹೆಚ್ಚುವರಿ ತೆರಿಗೆ ಹಾಕಿದ ಮಸೂದೆ ಸೆನೆಟ್‌ನಲ್ಲಿ ಸರಿಯಾಗಿ 27 ಮತದಿಂದ ಪಾಸಾಯಿತು. ಅದರಲ್ಲೊಂದು 29ನೇ ಕ್ಷೇತ್ರದ ಜೋಶ್ ನ್ಯೂಮನ್ ಅವರದು. ವಿರೋಧಿಗಳು ಅವರನ್ನು ವಾಪಸ್ ಕರೆಸಲು ಹೊರಟರು. ಅದಕ್ಕೆ ಹಿಂದಿನ ಚುನಾವಣೆಯಲ್ಲಿ ಆ ಸೀಟಿಗೆ ಬಿದ್ದ ಮತಗಳ ಶೇ. 20ರಷ್ಟು ಸಹಿ 160 ದಿನದಲ್ಲಿ ಸಿಗಬೇಕು. ಇವರ ವಿಷಯದಲ್ಲಿ 63 ಸಾವಿರಕ್ಕೂ ಹೆಚ್ಚು. ಸಿಕ್ಕಿತು. 2018ರ ಜೂನ್ ಮತಪತ್ರದಲ್ಲಿ ಎರಡು ಪ್ರಶ್ನೆ: ಇವರನ್ನು ಇಳಿಸಬೇಕೆ? ಇಳಿಸಿದರೆ ಯಾರು? ಇಳಿಸಲು ಅರ್ಧಕ್ಕಿಂತ ಹೆಚ್ಚು ಮತ ಬೇಕು, ಬದಲಿಗೆ ಬರುವವರಿಗೆ ಉಳಿದವರಿಗಿಂತ ಒಂದು ಮತ ಹೆಚ್ಚಿದ್ದರೆ ಸಾಕು. ಇಳಿಸುವ ಪ್ರಶ್ನೆ ಎದುರಿಸುವವರ ಹೆಸರು ಎರಡನೇ ಪಟ್ಟಿಯಲ್ಲಿ ಇರುವಂತಿಲ್ಲ. ಹೀಗಾಗಿ 2016ರಲ್ಲಿ ನ್ಯೂಮನ್ ಎದುರು ಸೋತಿದ್ದ ಲಿಂಗ್ ಲಿಂಗ್ ಚಾಂಗ್ ಮೂರನೇ ಒಂದು ಭಾಗದಷ್ಟು ಮತದಲ್ಲಿ ಸೀಟು ಹಿಡಿದರು. 2020ರಲ್ಲಿ ಚಾಂಗ್ ಅವರನ್ನು ಸೋಲಿಸಿ ನ್ಯೂಮನ್ ಮರಳಿ ಬಂದರು.

ಇನ್ನು ಮತ ಹಾಕುವವರ ಕಡೆಯ ತಪ್ಪುಗಳು. ಮತಪತ್ರ ಎಲ್ಲರ ಮನೆಗೂ ಅಂಚೆಯಲ್ಲಿ ಬರುತ್ತದೆ. ಮತದಾನದ ದಿನದೊಳಗೆ ಅಂಚೆ ಮುದ್ರೆ ಬಿದ್ದು 7 ದಿನದೊಳಗೆ ತಲುಪಿದರೆ ಎಣಿಕೆಗೆ ಸೇರುತ್ತದೆ. ತಿರಸ್ಕಾರಕ್ಕೆ ಕಾರಣ ಹೆಚ್ಚಾಗಿ ಲಕೋಟೆಯ ಮೇಲಿನ ಸಹಿ: ಹಾಕಲು ಮರೆತದ್ದು, ಕಡತದಲ್ಲಿರುವುದಕ್ಕೆ ಹೊಂದದ್ದು, ಗಂಡ-ಹೆಂಡತಿಯ ಲಕೋಟೆ ಅದಲುಬದಲಾದದ್ದು. ಕೌಂಟಿಯ ಚುನಾವಣಾ ಕಚೇರಿಯಿಂದ ಸರಿಪಡಿಸಲು ಪತ್ರ ಬಂದರೆ ಉತ್ತರಿಸಿ, ಮತ ಉಳಿಯುತ್ತದೆ. ಮನೆ ಬದಲಿಸಿದರೆ ಮತದಾನಕ್ಕೆ 15 ದಿನ ಮುಂಚೆ ವಿಳಾಸ ತಿದ್ದಿಸಿ. ರಸ್ತೆ ದಾಟಿದರೆ ಕ್ಷೇತ್ರವೇ ಬೇರೆ ಇರಬಹುದು. ಮತ್ತು ಪ್ರಜೆ ಆಗದವರು ಡಿಎಂವಿಯಲ್ಲಿ (ನಮ್ಮ ಆರ್‌ಟಿಒದಂಥ ಕಚೇರಿ) ಲೈಸೆನ್ಸ್ ಅರ್ಜಿ ತುಂಬುವಾಗ ಮತದಾರರ ನೋಂದಣಿಯ ಪ್ರಶ್ನೆ ಬಂದ ಪುಟವನ್ನು ಓದದೆ ಒತ್ತಬೇಡಿ. ಅಮೆರಿಕದ ಪ್ರಜೆ ಎಂದು ತಪ್ಪಾಗಿ ಹೇಳಿಕೊಂಡದ್ದು ಮುಂದೆ ಗ್ರೀನ್ ಕಾರ್ಡ್, ಪೌರತ್ವ ಎರಡಕ್ಕೂ ಅಡ್ಡ ಬರುತ್ತದೆ. ಹಾಗೆ ಆಗಿದ್ದರೆ ಮತ ಹಾಕದೆ, ಮೊದಲು ವಲಸೆ ವಕೀಲರನ್ನು ಕಂಡು ಅವರು ಹೇಳಿದಂತೆ ಹೆಸರು ತೆಗೆಸಿ.